ವನಸ್ಪತಿಕಾಯ ವಿಚಾರ ಮತ್ತು ಉಳವಿ ಸೀಮೆಯ ಕಾನುಗಳು

ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಉಳವಿಯು ಚನ್ನಬಸವಣ್ಣನವರ ಸಮಾಧಿಯಿರುವ ಉತ್ತರ ಕನ್ನಡದ ಉಳವಿಗಿಂತ ಬೇರೆಯಾದುದು. ಸೊರಬ-ಶಿಕಾರಿಪುರ ಸೀಮೆಯು ಪ್ರಾಚೀನ ಬನವಾಸಿ ನಾಡಿನ ಭಾಗ. ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಕೈಕೊಂಡುದನ್ನು ಹತ್ತನೆಯ ಶತಮಾನದ ಶಾಸನವು ತಿಳಿಸುತ್ತದೆ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಹನ್ನೊಂದನೆಯ ಶತಮಾನದಲ್ಲಿ ಕುಪ್ಪಟೂರಿನಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಮಾಡಿಸಿದಳು. ಶ್ರಾವಕಾಚಾರವು ಬೇರೂರಿದ್ದ ಈ ನೆಲದ ಇನ್ನೊಂದು ವೈಶಿಷ್ಟ್ಯವೆಂದರೆ ಇಲ್ಲಿಯ ಕಾನುಗಳು.

ಎಲೆಯುದುರುವ ಕಾಡು ಮತ್ತು ಗದ್ದೆಬಯಲುಗಳ ನಡುವೆ ದಟ್ಟವಾಗಿ ನಿಂತ ನಿತ್ಯಹರಿದ್ವರ್ಣದ ಅರಣ್ಯಖಂಡವೇ ಕಾನು. ಸೊರಬದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಅಧಿಕಾರಿಗಳು 1868ರಲ್ಲಿಯೇ ವರದಿ ಸಲ್ಲಿಸಿದ್ದರು. ಊರವರು ಕಾನಿನಿಂದ ಮೆಣಸನ್ನೂ ಬಗನಿಯ ಉತ್ಪನ್ನಗಳನ್ನೂ ಪಡೆಯುತ್ತಿದ್ದರು. ಕಾನಿನ ನೆರಳಲ್ಲಿ ಇಂಗಿದ ನೀರು ಕೆಳಗಿನ ಕೆರೆ, ಗದ್ದೆ, ಅಡಕೆತೋಟಗಳಿಗೆ ಆಧಾರ. ಹಂಬು ಫಲ ಕೊಡಬೇಕಾದರೆ ಅದು ಹಬ್ಬಿದ ಮರ ನಿಲ್ಲಲೇಬೇಕು.

ಸಿದ್ಧಾಂತದಲ್ಲಿ ವನಸ್ಪತಿಯು ಏಕೇಂದ್ರಿಯ ಜೀವ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡವು ಅದನ್ನು ಪ್ರತ್ಯೇಕ ಮತ್ತು ಸಾಧಾರಣವೆಂದು ವಿಭಾಗಿಸುತ್ತದೆ; ಕೇಶವವರ್ಣಿಯು 1359ರಲ್ಲಿ ಆ ಗ್ರಂಥಕ್ಕೆ ಕರ್ಣಾಟಕ ವೃತ್ತಿಯನ್ನು ರಚಿಸಿದನು. ಪ್ರತ್ಯೇಕದಲ್ಲಿ ಸಪ್ರತಿಷ್ಠಿತವೆಂಬ ಭೇದವುಂಟು: ಶರೀರದ ಸ್ವಾಮಿ ಒಂದೇ ಜೀವ, ಅದನ್ನಾಶ್ರಯಿಸಿದ ನಿಗೋದಜೀವಗಳು ಅನಂತ. ಈ ಪರಿಭಾಷೆಯನ್ನು ಇಡೀ ಕಾನಿಗೆ ಅನ್ವಯಿಸುವುದು ಶಾಸ್ತ್ರಸಮ್ಮತವಲ್ಲ. ಆದರೆ ಒಂದು ವೃಕ್ಷವನ್ನು ಕಡಿದಾಗ ಒಂದೇ ಜೀವಕ್ಕೆ ಘಾತವಾಯಿತೆಂದು ಲೆಕ್ಕಹಾಕುವಂತಿಲ್ಲವೆಂಬುದು ಇದರಿಂದ ಸ್ಪಷ್ಟ. ಮಣ್ಣು ಸಡಿಲುವುದರಿಂದ ಪೃಥ್ವೀಕಾಯಕ್ಕೂ ಒರತೆ ಬತ್ತುವುದರಿಂದ ಅಪ್ಕಾಯಕ್ಕೂ ನೆಲೆ ತಪ್ಪುವುದರಿಂದ ತ್ರಸಜೀವಗಳಿಗೂ ಬಾಧೆಯುಂಟು.

ಗೃಹಸ್ಥನು ಸ್ಥಾವರಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಲಾರನು. ಆದುದರಿಂದಲೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ನಿಷ್ಪ್ರಯೋಜನವಾಗಿ ನೆಲವನ್ನಗೆಯುವುದು, ನೀರು ಚೆಲ್ಲುವುದು, ಬೆಂಕಿಯಿಡುವುದು, ಗಿಡಮರ ಕಡಿಯುವುದು ಮೊದಲಾದವನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಇಲ್ಲಿ ಒಂದು ಶಂಕೆಯುಂಟಾಗಬಹುದು: ಮರ ಕಡಿದವನಿಗೆ ಹಣ ದೊರೆತರೆ ಅದು ಸಪ್ರಯೋಜನವಾಗಲಿಲ್ಲವೆ? ಹಾಗೆಂದು ಒಪ್ಪಿದರೆ ಲೋಭವೇ ಪ್ರಯೋಜನದ ಪ್ರಮಾಣವಾಗಿ ವ್ರತವು ಬರಿದಾಗುತ್ತದೆ. ಸಮಾಧಾನವು ಗ್ರಂಥದ ಕ್ರಮದಲ್ಲಿಯೇ ಇದೆ. ಗುಣವ್ರತಗಳಲ್ಲಿ ಅನರ್ಥದಂಡವ್ರತದ ಮುಂದೆಯೇ ಭೋಗೋಪಭೋಗಪರಿಮಾಣ ಬರುತ್ತದೆ. ಅದಕ್ಕೂ ಮೊದಲು ಅಣುವ್ರತಗಳಲ್ಲಿ ಪರಿಗ್ರಹಪರಿಮಾಣ ವಿಹಿತವಾಗಿದೆ. ಪರಿಮಾಣವನ್ನು ಮೊದಲು ನಿಶ್ಚಯಿಸಿಕೊಂಡವನಿಗೆ ಮಾತ್ರ ‘ಪ್ರಯೋಜನ’ವೆಂಬ ಮಾತಿಗೆ ಅರ್ಥವುಂಟು. ಮೂರನ್ನೂ ಕೂಡಿಸಿ ಓದಿದಾಗ, ತೋಟಕ್ಕೆ ಬೇಕಾದಷ್ಟು ಸೊಪ್ಪು ತರುವುದಕ್ಕೂ ಕಾನನ್ನೇ ಬೋಳಿಸಿ ಮಾರುವುದಕ್ಕೂ ಇರುವ ಭೇದ ತಾನಾಗಿಯೇ ತಿಳಿಯುತ್ತದೆ.

ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳನ್ನು ಉಳಿಸಿದ ಶ್ರೀತಾಳೆಯ ಓಲೆಯೂ ವನಸ್ಪತಿಯ ದೇಹವೇ. ಗರಿ ಕೊಟ್ಟ ತಾಳೆ ಬದುಕಿರುತ್ತದೆ. ಹೂಬಿಟ್ಟು ಕಾಯಾದ ಮೇಲೆ ತಾನೇ ಒಣಗುತ್ತದೆ. ವನಸ್ಪತಿಛೇದದ ವಿಚಾರವನ್ನು ಕಂದಮೂಲ ವರ್ಜನೆಗೆ ಮಾತ್ರ ಸೀಮಿತಗೊಳಿಸದೆ, ಊರ ಅಂಚಿನ ಕಾನಿಗೂ ವಿಸ್ತರಿಸಿ ವ್ಯಾಖ್ಯಾನಿಸುವುದು ಪಂಡಿತರಿಗೆ ಉಚಿತವಾದ ಕಾರ್ಯ.