ಆಪ್ಟ್-ಲಿಸ್ಟ್‌ಚೇಂಜಸ್ : ತಂತ್ರಾಂಶಗಳ ಮಾರ್ಪಾಟುಗಳನ್ನು ತಿಳಿಸುವ ಸಾಧನ

ತಂತ್ರಾಂಶವೊಂದರ ಹೊಸ ಆವೃತ್ತಿಯು ಹೊರಬರುವಾಗ, ಅದರಲ್ಲಾದ ಮಾರ್ಪಾಟುಗಳನ್ನು ವಿವರಿಸುವ ಟಿಪ್ಪಣಿಯನ್ನು ಕರ್ತೃಗಳು ಅದರೊಡನೆ ಕೂಡಿಸುವುದು ವಾಡಿಕೆ. ಆದರೆ ಒಂದೊಂದು ಗಣಕಯಂತ್ರದಲ್ಲಿಯೂ ನೂರಾರು ತಂತ್ರಾಂಶಗಳಿರುವುದರಿಂದ, ಅವೆಲ್ಲದರ ಟಿಪ್ಪಣಿಗಳನ್ನು ಹುಡುಕಿ ಓದುವವರು ವಿರಳ. ಓದದೆ ಬಿಟ್ಟುದರಿಂದೊದಗುವ ಹಾನಿಯಾದರೋ ಅಲ್ಪವಲ್ಲ. ೨೦೧೫ರಲ್ಲಿ ಪ್ರಕಟವಾದ ಓಪನ್‌ಎಸ್‌ಎಸ್‌ಎಚ್ ೭.೦ ಇದಕ್ಕೆ ನಿದರ್ಶನ. ದೂರದ ಯಂತ್ರವನ್ನು ಸುರಕ್ಷಿತವಾಗಿ ಪ್ರವೇಶಿಸಲು ನೆರವಾಗುವ ಈ ತಂತ್ರಾಂಶವು, ದುರ್ಬಲವೆನಿಸಿದ್ದ ಡಿಎಸ್‌ಎ ಬಗೆಯ ಕೀಲಿಗಳನ್ನು, ಬೇರೆ ವಿಧಿಯಿಲ್ಲದ ಪಕ್ಷದಲ್ಲಿ, ಅಂದಿನಿಂದ ಅಂಗೀಕರಿಸದಾಯಿತು. ಅಂತಹ ಕೀಲಿಯೊಂದನ್ನೇ ನಂಬಿದ್ದವನು ಟಿಪ್ಪಣಿಯನ್ನೋದದೆ ಹೊಸ ಆವೃತ್ತಿಯನ್ನು ಸ್ಥಾಪಿಸಿದ್ದರೆ, ತನ್ನ ಯಂತ್ರದ ಬಾಗಿಲನ್ನು ತಾನೇ ಮುಚ್ಚಿಕೊಂಡಂತಾಗುತ್ತಿತ್ತು.

ಈ ಕುಂದನ್ನು ನೀಗುವ ಸಲುವಾಗಿ ಡೆಬಿಯನ್ ವ್ಯವಸ್ಥೆಯಲ್ಲಿ ಆಪ್ಟ್-ಲಿಸ್ಟ್‌ಚೇಂಜಸ್ ಎಂಬ ಸಾಧನವುಂಟು. ಇದು ಕಮಾಂಡ್ ಲೈನಿನಲ್ಲಿ, ಎಂದರೆ ಅಕ್ಷರರೂಪದ ಆದೇಶಗಳಿಂದ, ನಡೆಯತಕ್ಕುದು. ಡೆಬಿಯನ್ನಿನ ಟಿಪ್ಪಣಿಗಳು ಎರಡು ಬಗೆ. ಸಣ್ಣಪುಟ್ಟ ಬದಲಾವಣೆಗಳನ್ನೂ ಬಿಡದೆ ದಾಖಲಿಸುವುದು ಚೇಂಜ್‌ಲಾಗ್. ಬಳಸುವವನು ಅವಶ್ಯವಾಗಿ ಅರಿಯಬೇಕಾದವುಗಳನ್ನು ಮಾತ್ರ ಹೇಳುವುದು ನ್ಯೂಸ್.ಡೆಬಿಯನ್. ಮೇಲಿನ ಡಿಎಸ್‌ಎ ಸಂಗತಿಯು ಈ ಎರಡನೆಯ ಬಗೆಯದು.

ಸಾಧನದ ಕಾರ್ಯಕ್ರಮವು ಹೀಗಿದೆ. ಆಪ್ಟ್ ಎಂಬ ಸ್ಥಾಪಕವು ಹೊಸ ಕಟ್ಟುಗಳನ್ನು ತರಿಸಿಕೊಂಡ ಬಳಿಕ, ಅವನ್ನು ಸ್ಥಾಪಿಸುವುದಕ್ಕೆ ಮೊದಲು, ಅವುಗಳ ಪಟ್ಟಿಯನ್ನು ಇದಕ್ಕೆ ಒಪ್ಪಿಸುವುದು. ಇದು ಯಂತ್ರದಲ್ಲಿರುವ ಆವೃತ್ತಿಯನ್ನು ನೋಡಿ, ಕಟ್ಟಿನೊಳಗಣ ಟಿಪ್ಪಣಿಯಿಂದ ಅದಕ್ಕಿಂತ ಈಚಿನ ಭಾಗವನ್ನಷ್ಟೇ ಆರಿಸಿಕೊಡುವುದು. ಆವೃತ್ತಿಗಳ ಪೂರ್ವಾಪರವನ್ನು ಅಕ್ಷರಕ್ರಮದಿಂದ ನಿರ್ಣಯಿಸಲಾಗದು: ೧.೧೦ ಎಂಬುದು ೧.೯ರ ತರುವಾಯದ್ದು, ೨.೦~ಆರ್‌ಸಿ೧ ಎಂಬುದು, ಅಲೆಗೆರೆಯ ಬಲದಿಂದ, ೨.೦ಕ್ಕಿಂತ ಮೊದಲಿನದು. ಆದಕಾರಣ ಡೆಬಿಯನ್ನಿನದೇ ಆದ ಹೋಲಿಕೆಯ ನಿಯಮವು ಇಲ್ಲಿ ಅವಶ್ಯಕ.

ಆರಿಸಿದ ಭಾಗವನ್ನು ತೆರೆಯ ಮೇಲೆ ತೋರಿಸುವುದೂ ಉಂಟು, ಅಂಚೆಯ ಮೂಲಕ ಕಳುಹಿಸುವುದೂ ಉಂಟು. ಒಪ್ಪಿಗೆಯನ್ನು ಕೇಳಬೇಕೆಂದು ಮೊದಲೇ ವಿಧಿಸಿದ್ದರೆ, ಓದುಗನು ಬೇಡವೆಂದೊಡನೆ ಸ್ಥಾಪನೆಯು ನಿಂತು, ಹಳೆಯ ಆವೃತ್ತಿಯು ಹಾಗೆಯೇ ಉಳಿಯುವುದು. ಎಚ್ಚರಿಕೆಯು ಕೆಲಸ ಕೆಟ್ಟ ಮೇಲೆ ಬಾರದೆ, ಮೊದಲೇ ಬರುವುದೇ ಇದರ ಹೆಚ್ಚಿನ ಗುಣ.

ಆದರೂ ಬರೆದುದನ್ನು ಮುಂದಿಡುವುದಷ್ಟೇ ಈ ಸಾಧನಕ್ಕೆ ಶಕ್ಯ. ಬರೆಯದೆ ಬಿಟ್ಟುದನ್ನು ಇದು ಕಾಣಲಾರದು. ಹೀಗಿರಲು, ಇದರ ಪ್ರಯೋಜನವು ಟಿಪ್ಪಣಿಯನ್ನು ಬರೆದವನ ಪ್ರಾಮಾಣಿಕತೆಯನ್ನೂ ಓದುವವನ ತಾಳ್ಮೆಯನ್ನೂ ಸಮನಾಗಿ ಅವಲಂಬಿಸಿದೆ.