ಸೌಟಿನಲ್ಲೇ ಸಿಗುವ ಮಲೇರಿಯಾ ಪಾಠ

ಮಂಗಳೂರಿಗೂ ಮಲೇರಿಯಾಕ್ಕೂ ಹಳೇ ನಂಟು. ಶಾಲೆಯಲ್ಲಿ ಪಾಠವೂ ಉಂಟು: 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣು ಕಂಡರು. ಮಕ್ಕಳು ಉರುಹೊಡೆದು ಮಾರ್ಕು ತೆಗೆಯುತ್ತಾರೆ. ಮನೆಯ ಟ್ಯಾಂಕಿಗೆ ಮಾತ್ರ ಮುಚ್ಚಳವಿಲ್ಲ!

ಹಾಗಂತ ಪುಸ್ತಕ ಬದಿಗಿಟ್ಟು ಸೌಟು ಕೊಟ್ಟರೆ ಆಯ್ತಾ ಮಾರಾಯ್ರೆ? ಮಕ್ಕಳು ಚರಂಡಿಗೆ ಓಡಿಯಾರು. ಪೇಟೆಯ ಮಲೇರಿಯಾ ಸೊಳ್ಳೆಗೆ ಬೇಕಾದದ್ದು ಬಾವಿ, ಟ್ಯಾಂಕಿ, ಕಟ್ಟಡ ಕೆಲಸದ ಕಡೆ ನಿಂತ ಶುದ್ಧ ನೀರು. ಅದರ ಮರಿ ನೀರಿನ ಮೇಲ್ಮೈಯಲ್ಲಿ ಅಡ್ಡ ಮಲಗುತ್ತದೆ. ಬೇರೆ ಸೊಳ್ಳೆಗಳ ಮರಿ ತಲೆಕೆಳಗಾಗಿ ಜೋತಾಡುತ್ತದೆ. ಇಷ್ಟು ತಿಳಿದ ಮೇಲೆ ಸೌಟು ಹಿಡಿದರೆ ಕಣ್ಣಿಗೆ ಕೆಲಸ.

ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ವಾರ, ಹತ್ತು ದಿನ. ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿಸುವ ಹುಡುಗನೇ ಪಾಠ ಕಲಿತವನು.