ಐರಿಷ್‌ತನ: ನುಡಿಯೂ ಗುರುತೂ

ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಜೇಮ್ಸ್ ಕಸಿನ್ಸ್ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತರೇ. ಆ ಕವಿಯ ನಾಡಿನ ಕಥೆ ಅಷ್ಟು ಪರಿಚಿತವಲ್ಲ.

ಐರ್ಲೆಂಡಿನಲ್ಲಿ 1831ರಿಂದ ತೆರೆದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದವು. 1845ರಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಮಂದಿ ದೇಶ ಬಿಟ್ಟರು. ಹೆಚ್ಚು ನಲುಗಿದವರು ಐರಿಷ್ ನುಡಿಯ ಪಶ್ಚಿಮ ಭಾಗದ ಬಡವರು. ವಲಸೆಗೂ ಕೆಲಸಕ್ಕೂ ಇಂಗ್ಲಿಷೇ ಬೇಕಾದುದರಿಂದ ಹೆತ್ತವರೇ ಮಕ್ಕಳೊಡನೆ ತಮ್ಮ ನುಡಿಯನ್ನಾಡುವುದನ್ನು ಬಿಟ್ಟರು. ಆಜ್ಞೆಗಿಂತ ಈ ಮೌನವೇ ನುಡಿಯನ್ನು ಹೆಚ್ಚು ಸವೆಸಿತೆನ್ನಬೇಕು.

ಅದನ್ನು ಉಳಿಸಲು 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್‌ನ ಮೊದಲ ಅಧ್ಯಕ್ಷ ಡಗ್ಲಸ್ ಹೈಡ್ ಪ್ರಾಟೆಸ್ಟೆಂಟ್ ಪಾದ್ರಿಯ ಮಗ. ಐರಿಷ್‌ತನವೆಂದರೆ ಕ್ಯಾಥೊಲಿಕರ ಸೊತ್ತೆಂಬ ಸರಳ ಗ್ರಹಿಕೆಗೆ ಇದು ಒಗ್ಗದು. 1938ರಲ್ಲಿ ಅವರೇ ದೇಶದ ಮೊದಲ ರಾಷ್ಟ್ರಾಧ್ಯಕ್ಷರಾದರು. ಇತ್ತ ಯೇಟ್ಸ್, ಸಿಂಜ್ ಐರಿಷ್‌ತನವನ್ನು ಇಂಗ್ಲಿಷಿನಲ್ಲೇ ಕಟ್ಟಿದರು. ಕಸಿನ್ಸ್ ಬರೆದುದೂ ಇಂಗ್ಲಿಷಿನಲ್ಲೇ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಅವರಿಗೆ ಅದೇ ತಾಯ್ನುಡಿ!

1937ರ ಸಂವಿಧಾನ ಐರಿಷನ್ನು ಪ್ರಥಮ ಅಧಿಕೃತ ಭಾಷೆಯೆಂದಿತು. ಬಹುಪಾಲು ಮನೆಗಳು ಇಂಗ್ಲಿಷಿನಲ್ಲೇ ಉಳಿದವು. ಬ್ರಿಟನ್ನಿನ ಜೊತೆಗುಳಿದ ಉತ್ತರ ಐರ್ಲೆಂಡಿನಲ್ಲಿ ಮಾತ್ರ ಗುರುತಿನ ಪ್ರಶ್ನೆ ರಕ್ತಪಾತದವರೆಗೆ ಹೋಯಿತು. ಅಲ್ಲಿನವರು ತಮ್ಮನ್ನು ಐರಿಷ್, ಬ್ರಿಟಿಷ್ ಅಥವಾ ಎರಡೂ ಎಂದು ಕರೆದುಕೊಳ್ಳಬಹುದೆಂದು 1998ರ ಒಪ್ಪಂದ ಮಾನ್ಯಮಾಡಿತು. 2022ರ ಕಾನೂನು ಅಲ್ಲಿ ಐರಿಷ್‌ಗೆ ಅಧಿಕೃತ ಮನ್ನಣೆ ನೀಡಿ, ಅದಕ್ಕೊಬ್ಬ ಆಯುಕ್ತರಿಗೂ ಅಲ್ಸ್ಟರ್ ಸ್ಕಾಟ್ಸ್ ಪರಂಪರೆಗೆ ಇನ್ನೊಬ್ಬರಿಗೂ ಅವಕಾಶ ಕಲ್ಪಿಸಿತು.